ಆರು ಚಕ್ರ, ಒಂದು ಬಾಯಿ

ಮಗಳು ಕಿನ್ಲೀಗೆ ಒಂಬತ್ತು ವರ್ಷವಾಗಿದ್ದಾಗ ನಾನು ಅವಳಿಗೊಂದು ಮಾತು ಕೊಟ್ಟಿದ್ದೆ. ನಮ್ಮ ಟ್ರಕ್ಕಿಗೆ ಹೊಸ ಚಕ್ರ ಹಾಕಿಸುವ ದಿನ ಎಂದಾದರೂ ಬಂದರೆ ಆರಿಸುವವಳು ನೀನೇ, ನಾನು ತುಟಿ ಪಿಟಕ್ಕೆನ್ನುವುದಿಲ್ಲ ಎಂದು.

ಮಾತು ಕೊಟ್ಟದ್ದು ಕ್ಲೇಟನ್ ಕಡೆಯಿಂದ ಡಾಲ್‌ಹಾರ್ಟ್‌ಗೆ ಬರುವ ರಸ್ತೆಯ ಬದಿಯಲ್ಲಿ, ಜುಲೈ ತಿಂಗಳ ಮಟಮಟ ಮಧ್ಯಾಹ್ನ. ಟ್ರೈಲರಿನಲ್ಲಿ ಯಾರದೋ ಎರಡು ಕುದುರೆಗಳಿದ್ದವು. ನಮ್ಮದು ಹಿಂದೆ ಪಕ್ಕಕ್ಕೊಂದು ಜೋಡಿ ಚಕ್ರವಿರುವ ಟ್ರಕ್ಕು, ಮುಂದೆರಡು ಹಿಂದೆ ನಾಲ್ಕು. ಅವತ್ತು ಸಿಡಿದದ್ದು ಒಳಗಿನ ಟೈರು. ಒಳಗಿನದನ್ನು ಬಿಚ್ಚಬೇಕಾದರೆ ಮೊದಲು ಹೊರಗಿನದನ್ನು ಬಿಚ್ಚಬೇಕು. ಎರಡರಷ್ಟು ಕೆಲಸ, ನಾಲ್ಕರಷ್ಟು ಬೈಗುಳ. ಬೈಗುಳವೆಲ್ಲ ನನ್ನದು. ಕಿನ್ಲೀ ಬಾಯಾರಿಕೆ ಎನ್ನಲಿಲ್ಲ, ಬಿಸಿಲು ಎನ್ನಲಿಲ್ಲ. ನಾನು ಬಿಚ್ಚಿ ಕೊಟ್ಟ ನಟ್ಟುಗಳನ್ನು ಅಂಗಿಯ ತುದಿಯಲ್ಲಿ ಒರೆಸಿ ಸಾಲಾಗಿ ಇಟ್ಟುಕೊಂಡು ಕೂತಿದ್ದಳು. ನನಗೆ ಅಂಥ ಮುದ್ದು ಬಂತು, ಏನಾದರೂ ಕೊಡಬೇಕು ಅನಿಸಿತು. ಕೊಡಲು ಕೈಯಲ್ಲಿ ಮತ್ತೇನೂ ಇರಲಿಲ್ಲ. ಮಾತು ಕೊಟ್ಟೆ. ಅವಳು ಗ್ರೀಸ್ ಮೆತ್ತಿದ ಕೈ ಚಾಚಿದಳು, ಕುಲುಕಿದೆ. ನಮ್ಮ ಕಡೆ ಕೈ ಕುಲುಕಿದರೆ ಆಯಿತು, ಮೇಲೆ ಸಹಿ ಬೇಕಿಲ್ಲ.

ಕೊಡುವಾಗ ಸುಲಭವಾಗಿತ್ತು. ಏಕೆಂದರೆ ನಾನು ಹೊಸ ಚಕ್ರ ಕೊಳ್ಳುವ ಹೆಂಗಸೇ ಅಲ್ಲ. ಒಂದು ಟೈರು ಸವೆದರೆ ಒಂದು, ಅದೂ ಸೆಕೆಂಡ್‌ಹ್ಯಾಂಡು. ಟ್ರಕ್ಕಿನ ಜೊತೆ ಬಂದ ಕಬ್ಬಿಣದ ಚಕ್ರಗಳೇ ವರ್ಷಾನುವರ್ಷ ಉರುಳಿದವು. ಹುಟ್ಟುಹಬ್ಬ ಬಂದಾಗಲೆಲ್ಲ ಕಿನ್ಲೀ, "ಚಕ್ರ ಯಾವಾಗ?" ಎಂದು ಕೇಳುತ್ತಿದ್ದಳು. "ಇವು ಸಾಯಲಿ, ಆಮೇಲೆ," ಎನ್ನುತ್ತಿದ್ದೆ. ಅವು ಸಾಯುತ್ತಿರಲಿಲ್ಲ.

ನನ್ನ ಬಾಯಿಯ ವಿಷಯವೂ ಹೇಳಬೇಕು. ನಮ್ಮ ಕೌಂಟಿಯಲ್ಲಿ ಟ್ವೈಲಾ ಎಂದರೆ ಮೊದಲು ನೆನಪಾಗುವುದು ಬಾಯಿ, ಆಮೇಲೆ ಟ್ರಕ್ಕು. ದನದ ಡಾಕ್ಟರಿಗೆ ಸೂಜಿ ಎಲ್ಲಿ ಚುಚ್ಚಬೇಕೆಂದು ಹೇಳುವವಳು ನಾನು. ಪಾದ್ರಿಗೆ ಪ್ರಸಂಗ ಉದ್ದವಾಯಿತೆಂದು ಹೇಳಿದವಳೂ ನಾನೇ.

ಕಿನ್ಲೀಗೀಗ ಹತ್ತೊಂಬತ್ತು. ಶಾಲೆ ಮುಗಿಸಿ ನನ್ನ ಜೊತೆಗೇ ಕೆಲಸಕ್ಕೆ ನಿಂತಿದ್ದಾಳೆ. ಜನರ ಕುದುರೆ, ಕರು, ಹುಲ್ಲಿನ ಪಿಂಡಿ, ಏನು ಹೇಳಿದರೆ ಅದನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಮುಟ್ಟಿಸುವುದು ನಮ್ಮ ಕೆಲಸ. ಈಚೆಗೆ ನನ್ನ ಬೆನ್ನು ಕೈಕೊಡುತ್ತಿತ್ತು. ಕೆಳಗಿನ ಎರಡು ಮಣಿಗಳು ಸವೆದಿವೆ, ಡ್ರೈವಿಂಗ್ ಕಡಿಮೆ ಮಾಡು ಎಂದು ಡಾಕ್ಟರು ಹೇಳಿದ್ದರು. ನಾನು ಕಡಿಮೆ ಮಾಡಿರಲಿಲ್ಲ. ಕಿನ್ಲೀ ಪಕ್ಕದಲ್ಲಿ ಕೂರುತ್ತಿದ್ದಳು, ಹಗ್ಗ ಬಿಗಿಯುತ್ತಿದ್ದಳು, ಕುದುರೆ ಹತ್ತಿಸುತ್ತಿದ್ದಳು. ಸ್ಟೀರಿಂಗ್ ಮಾತ್ರ ನನ್ನದು. ಅದೊಂದನ್ನು ಬಿಟ್ಟುಕೊಟ್ಟರೆ ಉಳಿಯುವವಳು ಯಾರೋ ಬೇರೆ ಹೆಂಗಸು ಎಂದು ನನಗೆ ಅನಿಸುತ್ತಿತ್ತು.

ಈ ವಸಂತದಲ್ಲಿ ಹಿಂದಿನ ಚಕ್ರವೊಂದರ ನಟ್ಟುಗಳ ಬುಡದಿಂದ ತುಕ್ಕು ಕಣ್ಣೀರಿನ ಹಾಗೆ ಇಳಿದಿರುವುದನ್ನು ಕಂಡವಳು ಅವಳೇ. ಟೈರಿನಂಗಡಿಯ ಡೆಲ್ಬರ್ಟ್ ಹೋಲ್ಕಂಬ್ ಬಿಚ್ಚಿ ನೋಡಿದ. ಒಂದು ತೂತಿನಿಂದ ಇನ್ನೊಂದಕ್ಕೆ ಕೂದಲೆಳೆಯಷ್ಟು ಬಿರುಕು.

"ಇದು ಮುಗೀತು ಟ್ವೈಲಾ. ಉಳಿದವೂ ಇದರ ಅಣ್ಣತಮ್ಮಂದಿರೇ. ಸದ್ಯಕ್ಕೆ ಇದೊಂದರ ಜಾಗಕ್ಕೆ ನನ್ನದೊಂದು ಕೊಡ್ತೀನಿ. ಆದ್ರೆ ಎಲ್ಲಾನೂ ತೆಗೆಸಲೇಬೇಕು," ಎಂದ.

ನಾನು ಕಿನ್ಲೀ ಕಡೆ ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ. ಅವಳ ನಗು ನನ್ನ ಕತ್ತಿನ ಹಿಂಬದಿಗೇ ತಾಗುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಅಂಗಡಿಗೆ ಹೊರಟಾಗ ಕಿನ್ಲೀ ಟ್ರೈಲರಿನ ತುಂಬ ಹುಲ್ಲಿನ ಪಿಂಡಿ ಹೇರಿಸಿದ್ದಳು. ಸಂಜೆ ವಿಟ್ಲಾಕ್ ರಾಂಚ್ ಎಂಬ ದನದ ಫಾರಮ್ಮಿಗೆ ಮುಟ್ಟಿಸಬೇಕಾದ ಹುಲ್ಲು ಅದು.

"ಟೈರಿನಂಗಡಿಗೆ ಇದನ್ನೆಲ್ಲ ಯಾಕೆ ಎಳ್ಕೊಂಡು ಹೋಗೋದು?" ಎಂದೆ.

"ಚಕ್ರದ ಬಗ್ಗೆ ಮಾತಾಡ್ತಿದೀಯಾ, ಅಮ್ಮ?"

"ಹುಲ್ಲಿನ ಬಗ್ಗೆ ಕಣೇ."

"ಹುಲ್ಲಿನ ಬಗ್ಗೆ ಆದ್ರೆ ಪರವಾಗಿಲ್ಲ."

ಡೆಲ್ಬರ್ಟನ ಅಂಗಡಿಯಲ್ಲಿ ಕಾಫಿ ಯಂತ್ರದ ಪಕ್ಕ ಒಂದು ಬೆಂಚಿದೆ. ಕೆಲಸದಿಂದ ನಿವೃತ್ತರಾದ ಇಬ್ಬರು ದಿನವೂ ಅಲ್ಲಿ ಕೂರುತ್ತಾರೆ. ಒಬ್ಬ ವೆಂಡೆಲ್, ಎಣ್ಣೆ ಬಾವಿಗಳನ್ನು ನೋಡಿಕೊಳ್ಳುತ್ತಿದ್ದವನು. ನನ್ನನ್ನು ಲಂಗ ಹಾಕುವ ವಯಸ್ಸಿನಿಂದ ಬಲ್ಲವನು. ಇನ್ನೊಬ್ಬರು ಎಸೇಬಿಯೊ ಬಾಕಾ, ದನ ಕೊಬ್ಬಿಸುವ ದೊಡ್ಡ ಹಟ್ಟಿಗಳಲ್ಲಿ ದನ ಕಾಯುತ್ತ ಕುದುರೆ ಮೇಲೆ ಕೂತೇ ಮುದುಕರಾದವರು. ನಾನು ಕೊಟ್ಟ ಮಾತಿನ ಸುದ್ದಿ ಇವರಿಗೆ ಹೇಗೆ ಮುಟ್ಟಿತೋ, ನಾವು ಒಳಗೆ ಹೋಗುವ ಹೊತ್ತಿಗೆ ಒಂದು ಡಬ್ಬಿ ಡೋನಟ್ಟಿನ ಮೇಲೆ ಪಂದ್ಯ ಕಟ್ಟಿಯಾಗಿತ್ತು.

"ಹತ್ತು ನಿಮಿಷ ತಡ್ಕೊಂಡ್ರೆ ಹೆಚ್ಚು ಅಂತ ನಾನು," ಎಂದ ವೆಂಡೆಲ್.

"ಟ್ವೈಲಾ ಅವರು ಕೊನೇವರೆಗೂ ತಡ್ಕೋತಾರೆ," ಎಂದರು ಬಾಕಾ. "ನನ್ನ ಮರ್ಯಾದೆ ನಿಮ್ಮ ಕೈಲಿದೆ ಕಣಮ್ಮ. ತೆಂಗಿನ ತುರಿ ಹಾಕಿದ್ದು ಎರಡಿವೆ ಅದರಲ್ಲಿ."

ನಾನು ಲೋಟಕ್ಕೆ ಕಾಫಿ ಬಗ್ಗಿಸಿಕೊಂಡು ಅವರಿಬ್ಬರ ನಡುವೆ ಕೂತೆ.

ಕಿನ್ಲೀ ಗೋಡೆಯುದ್ದಕ್ಕೂ ನಡೆದಳು. ಅಲ್ಲಿ ತೂಗುಹಾಕಿದ ಚಕ್ರಗಳಲ್ಲಿ ಎಲ್ಲಕ್ಕಿಂತ ದೊಡ್ಡದರ ಮುಂದೆ ನಿಂತಳು. ಕನ್ನಡಿಯ ಹಾಗೆ ಹೊಳೆಯುವ ಅಲ್ಯುಮಿನಿಯಂ. ಅದಕ್ಕೆ ತೊಡಿಸುವ ಟೈರು ಅಗಲವೋ ಅಗಲ, ದಪ್ಪ ಮಾತ್ರ ದೋಸೆಯಷ್ಟು. ಅದರಲ್ಲಿ ಮುಖ ನೋಡಿಕೊಂಡು ಕೂದಲು ಸರಿಮಾಡಿಕೊಂಡಳು.

"ಇವು ಚೆನ್ನಾಗಿವೆ ಅಲ್ವಾ?" ಎಂದು ಯಾರನ್ನೂ ಅಲ್ಲದೆ ಎಲ್ಲರನ್ನೂ ಕೇಳಿದಳು.

ಜೋಡಿ ಚಕ್ರದ ವಿಷಯದಲ್ಲಿ ನಮ್ಮವರೆಲ್ಲ ಮಾಡುವ ತಪ್ಪು ಒಂದೇ. ಅಂದಕ್ಕೆಂದು ಅಗಲ ಟೈರು ಹಾಕಿಸುತ್ತಾರೆ. ಅಂಗಡಿಯಲ್ಲಿ ನೋಡುವಾಗ ಎರಡರ ನಡುವೆ ಜಾಗ ಇರುತ್ತದೆ. ಹೊರೆ ಬಿದ್ದಾಗ ಟೈರಿನ ಹೊಟ್ಟೆ ಉಬ್ಬಿ ಒಂದಕ್ಕೊಂದು ಉಜ್ಜಿಕೊಳ್ಳುತ್ತದೆ, ಕಾಯುತ್ತದೆ, ಯಾವುದೋ ಊರಾಚೆ ಸಿಡಿಯುತ್ತದೆ. ಇದಿಷ್ಟೂ ನಾಲಿಗೆಯ ತುದಿಯಲ್ಲಿತ್ತು. ಬಿಸಿ ಕಾಫಿ ಒಂದೇ ಗುಟುಕಿಗೆ ನುಂಗಿದೆ. ನಾಲಿಗೆ ಸುಟ್ಟಿತು.

"ಏನು ಟ್ವೈಲಾ, ಮುಖ ಕೆಂಪಗಾಯ್ತಲ್ಲ?" ವೆಂಡೆಲ್ ವಾರೆಗಣ್ಣಿನಿಂದ ನೋಡಿದ. "ಏನೋ ಹೇಳೋ ಹಾಗಿದೆ."

"ಕಾಫಿ ಬಿಸಿ ಇದೆ."

"ಇನ್ನೇನೂ ಇಲ್ವಾ?"

"ಸಕ್ಕರೆ ಕಮ್ಮಿ."

ಬಾಕಾ ತೊಡೆ ತಟ್ಟಿಕೊಂಡು ನಕ್ಕರು.

ಡೆಲ್ಬರ್ಟ್ ಕೌಂಟರಿನ ಹಿಂದಿನಿಂದ ಬಂದ. ವ್ಯಾಪಾರಿಯಾದರೂ ಸುಳ್ಳು ಹೇಳುವವನಲ್ಲ. "ಮರಿ, ಇವು ಮೆರವಣಿಗೆಗೆ ಚೆನ್ನ. ನಿಮ್ಮ ಕೆಲಸಕ್ಕೆ..." ಎಂದು ನನ್ನ ಕಡೆ ನೋಡಿದ. ನಾನು ಮೇಲಿನ ಫ್ಯಾನು ನೋಡಿದೆ.

"ಮಿಸ್ಟರ್ ಹೋಲ್ಕಂಬ್," ಎಂದಳು ಕಿನ್ಲೀ, "ಹಿಂದಿನ ಒಂದು ಬದಿಗೆ ಜೋಡಿ ಹಾಕಿ ತೋರಿಸ್ತೀರಾ? ಬರೀ ನೋಡೋಕೆ."

"ಬರೀ ನೋಡೋಕೆ ಅಷ್ಟು ಕೆಲಸಾನಾ?"

"ಪ್ಲೀಸ್, ಸರ್."

ಹುಡುಗಿ 'ಸರ್' ಎಂದರೆ ಡೆಲ್ಬರ್ಟನಿಗೆ ಆಗುವುದಿಲ್ಲ ಎನ್ನಲು ಬರುವುದಿಲ್ಲ. ಟ್ರೈಲರ್ ಬಿಚ್ಚಿಸಿ, ಜಾಕಿ ಕೊಟ್ಟು, ಗೊಣಗುತ್ತಲೇ ಜೋಡಿಸಿದ. ಹೊಳೆಯುವ ಚಕ್ರಗಳನ್ನು ತೊಟ್ಟ ನಮ್ಮ ಮುದಿ ಟ್ರಕ್ಕು ಒಂದು ಮಗ್ಗುಲಿಂದ ಮದುವಣಗಿತ್ತಿಯ ಹಾಗೆ ಕಂಡಿತು. ನಾವೆಲ್ಲ ಅಂಗಳಕ್ಕೆ ಬಂದು ನಿಂತಿದ್ದೆವು.

"ಈಗ ಟ್ರೈಲರ್ ಮತ್ತೆ ಕೊಂಡಿಗೆ ಹಾಕಿ," ಎಂದಳು.

"ಮತ್ತೇನಾ?"

"ಹುಲ್ಲು ತಂದಿರೋದೇ ಅದಕ್ಕೆ, ಸರ್."

ಆಗ ನನಗೆ ಗೊತ್ತಾಯಿತು. ಹೊರೆ ಬಿದ್ದು ಟ್ರಕ್ಕಿನ ಹಿಂಭಾಗ ಕುಗ್ಗಿತು. ಕಿನ್ಲೀ ಕಾಂಕ್ರೀಟಿನ ಮೇಲೆ ಅಂಗಾತ ಮಲಗಿ ಎರಡು ಟೈರುಗಳ ನಡುವೆ ಕೆಳಗಿನಿಂದ ಕೈ ತೂರಿಸಿದಳು. ಕೈ ಹೋಗಲಿಲ್ಲ. ಬೆರಳು ಹಾಕಿದಳು.

"ಒಂದೇ ಬೆರಳು. ಅದೂ ಕಿರುಬೆರಳು," ಎಂದಳು ಕೆಳಗಿನಿಂದಲೇ. "ನನ್ನ ಮುಷ್ಟಿ ಹಿಡಿಸ್ಬೇಕು."

ವೆಂಡೆಲ್ ಗಂಟಲು ಸರಿಮಾಡಿಕೊಂಡ. "ಜೋಡಿ ಟೈರು ಅಂದ್ರೆ ಗಂಡ ಹೆಂಡ್ತಿ ಇದ್ದ ಹಾಗೆ ಕಣವ್ವ. ಹೊರೆ ಇಬ್ರೂ ಹೊರ್ಬೇಕು, ಒಬ್ರಿಗೊಬ್ರು ತಾಗ್ಬಾರ್ದು. ಆಗ ಸಂಸಾರ ನೆಟ್ಟಗೆ."

"ಅದಕ್ಕೇ ನೀನು ಬೆಳಗಾಗೋದೇ ತಡ ಇಲ್ಲಿ ಬಂದು ಕೂರ್ತೀಯ," ಎಂದರು ಬಾಕಾ.

"ತೆಗೆದುಬಿಡಿ, ಸರ್," ಎಂದಳು ಕಿನ್ಲೀ ಎದ್ದು ಪ್ಯಾಂಟು ಕೊಡವಿಕೊಳ್ಳುತ್ತ. ಡೆಲ್ಬರ್ಟ್ ಈ ಸಲ ಗೊಣಗಲಿಲ್ಲ.

ನನ್ನ ಎದೆ ಉಬ್ಬಿ ಅಂಗಿಯ ಗುಂಡಿ ಕಿತ್ತುಬರುವುದೊಂದು ಬಾಕಿ. ನಾನು ಬಾಯಲ್ಲಿ ಹೇಳಬೇಕೆಂದಿದ್ದನ್ನು ಅವಳು ಬೆರಳಿನಲ್ಲಿ ಕಂಡುಕೊಂಡಿದ್ದಳು. ಇನ್ನು ಚಿಂತೆ ಇಲ್ಲ, ಕೂತು ಕಾಫಿ ಕುಡಿದರಾಯಿತು ಎಂದುಕೊಂಡು ಒಳಗೆ ಬಂದು ಬೆಂಚಿನ ಮೇಲೆ ಕೂತೆ.

ಡೆಲ್ಬರ್ಟ್ ಮತ್ತೊಂದು ಚಕ್ರ ಉರುಳಿಸಿಕೊಂಡು ಬಂದ. ಇದೂ ಅಲ್ಯುಮಿನಿಯಂ, ಆದರೆ ಸಾದಾ. "ಇದು ನಿಮ್ಮ ಹಳೇದ್ರ ಅಳತೇದೇ. ಟೈರು ಮೆತ್ತಗಿರುತ್ತೆ. ಖಾಲಿ ಓಡಿಸಿದ್ರೂ ಸೊಂಟಕ್ಕೆ ಏನೂ ಆಗಲ್ಲ," ಎಂದು ಮೆಲ್ಲಗೆ ನನ್ನ ಕಡೆ ನೋಡಿದ. ನನ್ನ ಬೆನ್ನಿನ ಕಥೆ ಅವನಿಗೆ ಗೊತ್ತು. ಎದ್ದು ಅವನ ಬೋಳು ತಲೆಗೊಂದು ಮುತ್ತು ಕೊಡಬೇಕೆನಿಸಿತು. ನನ್ನ ಮನಸ್ಸಿನಲ್ಲಿ ಆ ಚಕ್ರಗಳು ಆಗಲೇ ಟ್ರಕ್ಕಿಗೆ ಕೂತಾಗಿತ್ತು, ನಾನು ಅವುಗಳ ಮೇಲೆ ಅಮರಿಲ್ಲೋಗೆ ಹೋಗಿ ಬಂದೂ ಆಗಿತ್ತು.

ಕಿನ್ಲೀ ಚಕ್ರವನ್ನು ತಿರುವಿ ಹಾಕಿ ಹಿಂದೆ ಅಚ್ಚೊತ್ತಿದ್ದ, ಎಷ್ಟು ತೂಕ ತಾಳುತ್ತದೆಂಬ ಅಂಕಿ ಓದಿದಳು. ಟೈರಿನ ಮೇಲಿನದನ್ನೂ ಓದಿದಳು. "ಟ್ರೈಲರ್ ತುಂಬ ಕುದುರೆ, ಮೇಲೆ ನೀರಿನ ತೊಟ್ಟಿ, ಜೀನು ಎಲ್ಲ ಹಾಕಿದ್ರೆ ಇವು ಎಲ್ಲಿಗೆ ಬರ್ತವೆ?"

"ಅಂಚಿಗೆ ಬರ್ತವೆ."

"ಅಂಚು ಅಂದ್ರೆ?"

"ಅಂಚು ಅಂದ್ರೆ ಅಂಚು. ದಾಟಲ್ಲ. ಹೆಚ್ಚು ಉಳಿಯೋದೂ ಇಲ್ಲ. ಇಷ್ಟು ವರ್ಷ ಇದೇ ಅಳತೇಲಿ ನಿಮ್ಮಮ್ಮ ಓಡಿಸಿಲ್ವಾ?"

"ಇಷ್ಟು ವರ್ಷ ಎಷ್ಟು ಸಿಡಿದ್ವು ಅಂತ ನಂಗೂ ಗೊತ್ತಲ್ಲ," ಎಂದಳು ನಗುತ್ತ. ಆಮೇಲೆ ಮೂಲೆಯ ಕಡೆ ಕೈ ಮಾಡಿದಳು. "ಅವು?"

ಮೂಲೆಯಲ್ಲಿದ್ದವು ಸಾಮಾನು ಸಾಗಿಸುವ ಲಾರಿಗಳಿಗೆ ಹಾಕುವ ಜಾತಿಯವು. ದಪ್ಪ ಗೋಡೆಯ ಕಿರಿದಾದ ಟೈರು, ಬಡಿದು ಮಾಡಿದ ಗಟ್ಟಿ ಚಕ್ರ. ಡೆಲ್ಬರ್ಟ್ ತಲೆ ಕೆರೆದುಕೊಂಡ.

"ಹೊರೆಗೆ ಅದರಷ್ಟು ಒಳ್ಳೇದು ನನ್ನ ಅಂಗಡೀಲಿ ಇಲ್ಲ. ನಿಮ್ಮ ಟ್ರಕ್ಕಿಗೆ ಕೂರುತ್ತೆ, ನಡುವೆ ಮುಷ್ಟೀನೂ ಹಿಡಿಸುತ್ತೆ. ರಾಂಚ್ ರಸ್ತೆ ಕಲ್ಲಿಗೂ ಜಗ್ಗಲ್ಲ. ಆದ್ರೆ ಮರಿ, ಖಾಲಿ ಟ್ರಕ್ಕಲ್ಲಿ ಅದರ ಮೇಲೆ ಕೂರೋದು ಅಂದ್ರೆ ಒರಳಲ್ಲಿ ಕೂತ ಹಾಗೆ. ದಾರೀಲಿ ಹಲ್ಲಿ ಅಡ್ಡ ಬಂದ್ರೂ ಬೆನ್ನಿಗೆ ಗೊತ್ತಾಗುತ್ತೆ."

ನಮ್ಮ ಕೆಲಸದಲ್ಲಿ ಹೋಗುವಾಗ ಹೊರೆ, ಬರುವಾಗ ಖಾಲಿ. ಅರ್ಧ ದಾರಿ ಯಾವಾಗಲೂ ಖಾಲಿಯೇ. ಆ ಚಕ್ರ ಹಾಕಿಸಿದರೆ ಈ ಬೆನ್ನು ಇಟ್ಟುಕೊಂಡು ನಾನು ವಾರವೂ ಓಡಿಸಲಾರೆ. ನನಗದು ಗೊತ್ತಿತ್ತು. ಕಿನ್ಲೀಯ ಮುಖ ನೋಡಿದರೆ ಅವಳಿಗೂ ಗೊತ್ತಿತ್ತು.

ಅವಳು ಬಂದು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಅಮ್ಮ. ನಿನ್ನ ಬೆನ್ನು."

ನಾನು ಲೋಟದೊಳಗೆ ನೋಡಿದೆ.

"ಒಂದು ಮಾತು ಹೇಳು. ಬೇಡ ಅಂದ್ರೆ ಬೇಡ. ಮೆತ್ತಗಿರೋವೇ ಹಾಕಿಸೋಣ."

ವೆಂಡೆಲ್ ಮುಂದೆ ಬಾಗಿದ. "ಮಾತು ಕೊಟ್ಟಿದ್ದು ಚಕ್ರದ ಬಗ್ಗೆ ತಾನೆ? ಬೆನ್ನಿನ ಬಗ್ಗೆ ಮಾತಾಡ್ಬಹುದು. ತಪ್ಪೇನಿಲ್ಲ."

"ಈಗ ಬೆನ್ನು ಅಂದ್ರೂ ಚಕ್ರ ಅಂದ ಹಾಗೇನೇ," ಎಂದರು ಬಾಕಾ. ಅವರ ದನಿಯಲ್ಲಿ ಡೋನಟ್ಟಿನ ತಮಾಷೆ ಇರಲಿಲ್ಲ.

"ಸುಮ್ನಿರಿ ಇಬ್ರೂ," ಎಂದಳು ಕಿನ್ಲೀ, ಹಿರಿಯರೆಂದು ನೋಡದೆ. "ಅಮ್ಮ, ಅವತ್ತು ಕೈ ಕುಲುಕಿದವಳು ನಾನು. ಆ ಮಾತಿಂದ ನಾನೇ ನಿನ್ನ ಬಿಡ್ತಾ ಇದೀನಿ. ಹೇಳು."

ಹೊರಗೆ ಯಾರದೋ ನಾಯಿ ಹುಲ್ಲಿನ ಪಿಂಡಿ ಮೂಸುತ್ತಿತ್ತು. ನನಗೆ ಒಂದು ವಿಷಯ ಬಿಸಿಲಿನಷ್ಟು ಸ್ಪಷ್ಟವಾಗಿತ್ತು. 'ನೋವು' ಎಂದು ನಾನು ಒಂದು ಸಲ ಅಂದರೆ ಸಾಕು, ಅವಳು ಎರಡನೆಯ ಯೋಚನೆ ಇಲ್ಲದೆ ಮೆತ್ತನೆಯವನ್ನು ಹಾಕಿಸುತ್ತಾಳೆ. ಸೀಟು ನನಗೇ ಉಳಿಯುತ್ತದೆ. ಅವಳು ಬೇಸರವನ್ನೂ ಮಾಡಿಕೊಳ್ಳುವುದಿಲ್ಲ. ಆಮೇಲೆ ಯಾವತ್ತೋ, ಜನರ ಕುದುರೆಗಳನ್ನು ತುಂಬಿಕೊಂಡು, ಅಂಚಿನಲ್ಲಿ ಓಡಿಸುತ್ತ ಇರುವಾಗ ಟೈರು ಸಿಡಿಯುತ್ತದೆ. ಆಗ ಆ ಟ್ರಕ್ಕಿನಲ್ಲಿ ಅವಳೂ ಇರುತ್ತಾಳೆ.

ಸರಿಯಾದ ಚಕ್ರ ಯಾವುದೆಂದು ಅವಳಿಗೆ ತಿಳಿದಿತ್ತು. ಕೇಳುತ್ತಿದ್ದುದು ಚಕ್ರವನ್ನಲ್ಲ. ನನ್ನನ್ನು ನನ್ನ ಸೀಟಿನಿಂದ ಎಬ್ಬಿಸುವುದು ಹೇಗೆ ಎಂದು ತಿಳಿಯದೆ ಕೂತಿದ್ದಳು.

ನಾನು ಎದ್ದೆ. ಎದ್ದಾಗ ಬೆನ್ನು ಚಳಕ್ಕೆಂದಿತು, ಮುಖದಲ್ಲಿ ತೋರಿಸಲಿಲ್ಲ. ಯಂತ್ರದ ಹತ್ತಿರ ಹೋಗಿ ಲೋಟ ತುಂಬಿಸಿಕೊಂಡೆ. ಸಕ್ಕರೆ ಹಾಕಿದೆ. ಕದಡಿದೆ. ಇನ್ನೊಂದಿಷ್ಟು ಕದಡಿದೆ.

"ಆಯ್ತು," ಎಂದಳು ಕಿನ್ಲೀ ಎದ್ದು ನಿಂತು. "ಮೂಲೇಲಿರೋವೇ ಹಾಕಿ, ಮಿಸ್ಟರ್ ಹೋಲ್ಕಂಬ್. ಆರಲ್ಲ, ಏಳು. ಸ್ಪೇರ್ ಕೂಡ ಅದೇ ಅಳತೇದು ಬೇಕು."

ಸ್ಪೇರನ್ನು ಮರೆಯುತ್ತಾಳೆ ಎಂದುಕೊಂಡಿದ್ದೆ. ಮರೆತಿರಲಿಲ್ಲ.

ಚಕ್ರ ಕೂರಿಸುವಾಗ ಅವಳು ಡೆಲ್ಬರ್ಟನ ಬೆನ್ನ ಹಿಂದೆಯೇ ನಿಂತಿದ್ದಳು. ಬಲಬದಿಯಲ್ಲಿ ಹೊರಗಿನ ಚಕ್ರದ ಕಿಂಡಿ ಒಳಗಿನ ಟೈರಿನ ವಾಲ್ವಿಗೆ ಎದುರಾಗಿ ಕೂತಿರಲಿಲ್ಲ. ಹಾಗೆ ಬಿಟ್ಟರೆ ಒಳಗಿನದಕ್ಕೆ ಗಾಳಿ ತುಂಬಲು ದಾರಿಯಿಲ್ಲ. "ಒಂದು ತೂತು ತಿರುಗಿಸಿ, ಸರ್," ಎಂದಳು. ಡೆಲ್ಬರ್ಟ್ ಬಿಚ್ಚಿ ತಿರುಗಿಸಿ ಹಾಕಿದ. ಕೆಲಸ ಮುಗಿಸಿ ಬೆವರು ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದ.

"ನಿನ್ನ ಬಾಯಿ ನಿನ್ನ ಮಗಳಿಗೆ ಹೋಗಿದೆ ಟ್ವೈಲಾ. ನಯ ಮಾತ್ರ ಎಲ್ಲಿಂದ ಬಂತೋ ಗೊತ್ತಿಲ್ಲ."

ಬಾಕಾ ಡೋನಟ್ ಡಬ್ಬಿ ಗೆದ್ದರು. ತೆಂಗಿನ ತುರಿಯದು ಒಂದನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟರು.

ವಿಟ್ಲಾಕ್ ರಾಂಚಿನವರೆಗೆ ನಾನೇ ಓಡಿಸಿದೆ. ಹುಲ್ಲಿನ ಹೊರೆ ಇತ್ತು, ಟ್ರಕ್ಕು ದೋಣಿಯ ಹಾಗೆ ತೇಲುತ್ತ ಹೋಯಿತು. ಇಷ್ಟೇನಾ, ಇದಕ್ಕೆ ಇಷ್ಟು ಹೆದರಿದೆನಾ ಎಂದುಕೊಂಡೆ. ಹುಲ್ಲು ಇಳಿಸಿ ಖಾಲಿ ಹೊರಟೆವು. ರಾಂಚಿನ ಗೇಟಿನಲ್ಲಿ ದನ ದಾಟದ ಹಾಗೆ ನೆಲಕ್ಕೆ ಹಾಸಿದ ಕಬ್ಬಿಣದ ಸರಳುಗಳಿವೆ. ಅವುಗಳ ಮೇಲೆ ಹತ್ತಿದಾಗ ನನ್ನ ಬೆನ್ನಿನ ಒಂದೊಂದು ಮಣಿಯೂ ತನ್ನ ಹೆಸರು ಹೇಳಿಕೊಂಡಿತು. ಕಣ್ಣಲ್ಲಿ ನೀರು ಬಂತು. ಸರಳುಗಳನ್ನು ದಾಟಿ, ರಸ್ತೆಯ ಬದಿಗೆ ನಿಲ್ಲಿಸಿ, ಇಳಿದೆ.

ಕಿನ್ಲೀ ಸೀಟಿನ ಮೇಲೆಯೇ ಜರುಗಿ ಸ್ಟೀರಿಂಗ್ ಹಿಡಿದಳು. ನಾನು ಸುತ್ತಿ ಬಂದು ಅವಳ ಜಾಗದಲ್ಲಿ ಕೂತೆ. ಜೀನಿನ ಕೆಳಗೆ ಹಾಸುವ ಉಣ್ಣೆಯ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಬೆನ್ನ ಹಿಂದೆ ತುರುಕಿದಳು. ಕುದುರೆಯ ವಾಸನೆ ಹೊಡೆಯುತ್ತಿತ್ತು. ಹಿತವಾಗಿತ್ತು.

ಆ ಬದಿಯಿಂದ ನಾನು ಹೊಲಗಳನ್ನು ನೋಡಿಯೇ ಇರಲಿಲ್ಲ. ಗೋಧಿ ಮೊಣಕಾಲೆತ್ತರಕ್ಕೆ ಬಂದಿತ್ತು.

"ಹೇಗಿದೆ?" ಎಂದಳು ಮುಖ್ಯರಸ್ತೆಗೆ ಬಂದ ಮೇಲೆ.

"ರಾತ್ರಿಗೆ ಬೀನ್ಸ್ ನೆನೆಹಾಕಿದೀನಿ."

"ಅಮ್ಮ. ಹೇಗಿದೆ ಅಂದೆ."

"ಹ್ಯಾಮ್ ತುಂಡೊಂದು ಉಳಿದಿದೆ. ಅದನ್ನೂ ಹಾಕಿದ್ರಾಯ್ತು."

"ನೋಯ್ತಿದೆಯಾ?"

"ಮೆಕ್ಕೆಜೋಳದ ಬ್ರೆಡ್ ನೀನು ಮಾಡು. ನಂಗೆ ನಿಲ್ಲೋಕಾಗಲ್ಲ."

ಅವಳು ನಗಲು ಶುರುಮಾಡಿದಳು. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡಳು. ನಾನೂ ನಕ್ಕೆ, ನಕ್ಕರೆ ಬೆನ್ನು ಇನ್ನಷ್ಟು ನೋಯುತ್ತಿತ್ತು, ಆದರೂ ನಕ್ಕೆ. ಡೋನಟ್ಟನ್ನು ಮುರಿದು ಅವಳ ಬಾಯಿಗೆ ಅರ್ಧ ಇಟ್ಟೆ. ಮಧ್ಯೆ ಒಂದು ಕಡೆ ಟ್ರಕ್ ನಿಲ್ಲಿಸಿ ಇಳಿದಳು. ಹೊಸ ಚಕ್ರ ಹಾಕಿದ ಮೇಲೆ ಸ್ವಲ್ಪ ದೂರ ಓಡಿಸಿ ನಟ್ಟು ಮತ್ತೆ ಬಿಗಿಯಬೇಕು. ಕನ್ನಡಿಯಲ್ಲಿ ಅವಳನ್ನು ನೋಡುತ್ತ ಕೂತಿದ್ದೆ. ಎಡದ ಮೇಲೊಂದು, ಎದುರಿಗೊಂದು, ಅಡ್ಡಡ್ಡವಾಗಿ ಬಿಗಿಯುತ್ತ ಬಂದಳು. ಎದ್ದು ಹೋಗಿ ಹೇಳಿಕೊಡುವಂಥದ್ದು ಏನೂ ಇರಲಿಲ್ಲ.

ಅದಾಗಿ ಒಂದು ಚಳಿಗಾಲ ಕಳೆದಿದೆ. ಟ್ರಕ್ಕು ಈಗ ಅವಳೇ ಓಡಿಸುತ್ತಾಳೆ. ನಾನು ಮನೆಯಲ್ಲಿ ಗಿರಾಕಿಗಳ ಫೋನು ನೋಡಿಕೊಳ್ಳುತ್ತೇನೆ. ಬೆನ್ನು ಒಪ್ಪಿದ ದಿನ ಪಕ್ಕದ ಸೀಟಿನಲ್ಲಿ ಕಂಬಳಿ ಒರಗಿಕೊಂಡು ಹೋಗುತ್ತೇನೆ. ರಸ್ತೆಯ ಬಗ್ಗೆ, ವೇಗದ ಬಗ್ಗೆ, ಅವಳು ಹಾಕುವ ಹಾಡುಗಳ ಬಗ್ಗೆ ದಾರಿಯುದ್ದಕ್ಕೂ ಮಾತಾಡುತ್ತೇನೆ. ಚಕ್ರಗಳ ಬಗ್ಗೆ ಇದುವರೆಗೆ ಒಂದು ಮಾತೂ ಆಡಿಲ್ಲ. ಕೊಟ್ಟ ಮಾತು ಉಳಿಸಿಕೊಂಡಿದ್ದೇನೆ.